ನಿಯಂತ್ರಣವು ನಿಮಂತ್ರಣವಾದ ಬಗ್ಗೆ

ವಿಷಯವನ್ನು ಮೇಲೆಯೇ ತಿಳಿಸಿಬಿಡುವುದು ಕಚೇರಿ ಪತ್ರಗಳ ಪದ್ಧತಿ. ನಾನು ಈವರೆಗೆ ಬರೆದಿರುವುದೆಲ್ಲ ಅಂಥ ಪತ್ರಗಳೇ ಆಗಿರುವುದರಿಂದ ಬೇರೆ ರೀತಿಯಲ್ಲಿ ಆರಂಭಿಸಲು ಧೈರ್ಯ ಸಾಲದು. ಆದ್ದರಿಂದ ಓದುಗರಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಒಂದು ಅಕ್ಷರ ಬದಲಾದ ಕಾರಣ ಸನಮಡಿ ಎಂಬ ಹಳ್ಳಿಯ ಅನೇಕ ಮನೆಗಳಲ್ಲಿ ಒಂದು ಭಾನುವಾರ ಒಲೆ ಹೊತ್ತಲಿಲ್ಲ. ಅದರ ವಿವರವನ್ನು ಕೆಳಗೆ ನಿವೇದಿಸಿದ್ದೇನೆ.

ನಾನು ಜತ್ತದ ಒಂದು ತಂತ್ರನಿಕೇತನದಲ್ಲಿ ಉಪನ್ಯಾಸಕಿ; ಜತ್ತ ಇರುವುದು ಮರಾಠಿ ರಾಜ್ಯದ ಗಡಿಯಲ್ಲಿ, ಸುತ್ತಲಿನ ಹಳ್ಳಿಗಳ ಮಾತು ಕನ್ನಡ. ಯಂತ್ರವು ತನ್ನ ಕೆಲಸವನ್ನು ತಾನೇ ಗಮನಿಸಿ, ತಾನೇ ತಿದ್ದಿಕೊಳ್ಳುವಂತೆ ಮಾಡುವ ವಿದ್ಯೆ ನನ್ನ ವಿಷಯ; ಪುಸ್ತಕದ ಭಾಷೆಯಲ್ಲಿ ಅದಕ್ಕೆ ನಿಯಂತ್ರಣ ಎಂದು ಹೆಸರು. ಟಾಕಿ ತುಂಬಿದೊಡನೆ ನೀರು ತಾನಾಗಿ ನಿಲ್ಲುವುದರಿಂದ ಹಿಡಿದು ವಿಮಾನವು ಗಾಳಿಯಲ್ಲಿ ಸಮತೋಲ ತಪ್ಪದಿರುವುದರವರೆಗೆ ಅದರ ವ್ಯಾಪ್ತಿ. ಈ ವಿದ್ಯೆಯನ್ನು ಬೆಳೆಸಲು ಎಂಜಿನಿಯರುಗಳ ಒಂದು ಅಂತಾರಾಷ್ಟ್ರೀಯ ಒಕ್ಕೂಟವಿದೆ. ಅಂತಾರಾಷ್ಟ್ರೀಯ ಎಂದೊಡನೆ ದೊಡ್ಡ ಕಟ್ಟಡ, ಬಾಗಿಲಲ್ಲಿ ಕಾವಲುಗಾರ, ಒಳಗೆ ಸಂಬಳದ ಸಿಬ್ಬಂದಿ ಇರಬಹುದೆಂದು ನಾನು ಊಹಿಸಿದ್ದೆ. ಸೇರಿದ ನಂತರ ತಿಳಿದುಬಂದಂತೆ, ಅದರ ಬಹುಪಾಲು ಕೆಲಸ ನಡೆಯುವುದು ಸ್ವಯಂಸೇವಕರಿಂದ. ಪಾಠ ಮುಗಿಸಿದ ಪ್ರಾಧ್ಯಾಪಕರು, ಕಾರ್ಖಾನೆಯಿಂದ ಮನೆಗೆ ಬಂದ ಎಂಜಿನಿಯರುಗಳು, ನಿವೃತ್ತರು ಸಮಿತಿಗಳಾಗಿ ಕೂಡುತ್ತಾರೆ. ಪರಸ್ಪರರ ಲೇಖನ ತಿದ್ದುತ್ತಾರೆ, ಸಭೆ ಏರ್ಪಡಿಸುತ್ತಾರೆ, ತಮ್ಮ ತಮ್ಮ ಊರಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ವಿವರಿಸುತ್ತಾರೆ. ನಮ್ಮ ಸಮಿತಿಯ ಸಂಚಾಲಕಿ ದೂರದ ದೇಶದ ತಮ್ಮ ಅಡುಗೆಮನೆಯಲ್ಲಿ ಕುಳಿತೇ ಪರದೆಯ ಮೇಲೆ ಸಭೆ ನಡೆಸುತ್ತಿದ್ದರು. ಅವರ ಬೆಕ್ಕು ಆಗಾಗ ನಡಾವಳಿಯ ಮೇಲೆ ಮಲಗುತ್ತಿತ್ತು.

ಆ ಸಮಿತಿಯು ಜನಸಾಮಾನ್ಯರಿಗೆ ಅವರವರ ಭಾಷೆಯಲ್ಲಿ ವಿಷಯ ತಿಳಿಸುವ ಯೋಜನೆ ಕೈಗೊಂಡಾಗ ನಾನು ಕನ್ನಡವನ್ನು ಸೂಚಿಸಿದೆ. ನಿಮ್ಮ ರಾಜ್ಯದ ಭಾಷೆ ಮರಾಠಿ, ಕಾಲೇಜಿನದು ಇಂಗ್ಲಿಷ್, ಹೀಗಿರುವಾಗ ಕನ್ನಡದ ಅಗತ್ಯವೇನು ಎಂದು ಒಬ್ಬ ಸದಸ್ಯರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಸಂಚಾಲಕಿಯವರು ಒಂದು ಪ್ರಾಯೋಗಿಕ ಕಾರ್ಯಕ್ರಮಕ್ಕೆ ಅನುಮತಿ ನೀಡಿದರು. ಜನ ಬರಬೇಕು, ಕುಳಿತುಕೊಳ್ಳಬೇಕು, ತಮ್ಮ ಮಾತಿನಲ್ಲಿ ಪ್ರಶ್ನೆ ಕೇಳಬೇಕು. ಆ ಪ್ರಶ್ನೆಗಳನ್ನು ವರದಿಯಲ್ಲಿ ಕಳುಹಿಸಬೇಕು. ಪ್ರಶ್ನೆಗಳಿದ್ದರೆ ಕನ್ನಡ ಯೋಜನೆಯಲ್ಲಿ ಉಳಿಯುತ್ತದೆ. ಇಲ್ಲವಾದರೆ ಇಲ್ಲ.

ಇದು ನನಗೇಕೆ ಅಷ್ಟು ಮುಖ್ಯವೆಂಬುದನ್ನು ಸಭೆಯಲ್ಲಿ ನಾನು ಹೇಳಿರಲಿಲ್ಲ. ಇಂಗ್ಲಿಷಿನಲ್ಲಿ ಕಲಿತು, ಇಂಗ್ಲಿಷ್ ಪುಸ್ತಕವನ್ನೇ ಮರಾಠಿಯಲ್ಲಿ ವಿವರಿಸಿ ಕಲಿಸುವವಳು ನಾನು. ಕರಜಗಿಯ ನಮ್ಮ ಮನೆಯಲ್ಲಿ ಅವ್ವ ಎಷ್ಟೋ ಸಲ ಕೇಳಿದ್ದಾಳೆ: "ದಿನಾ ಹೋಗ್ತಿ, ಬರ್ತಿ. ಏನ್ ಕಲಸ್ತಿ ಒಂದ್ಸಲ ಹೇಳಬೇ." ನಾನು "ಮಷೀನಿಂದು" ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಅವ್ವನಿಗೆ ಹೇಳಲಾಗದ್ದನ್ನು ಊರಿಗೆ ಹೇಗೆ ಹೇಳುವೆನೆಂಬ ಚಿಂತೆ ಅನುಮತಿ ಬಂದ ದಿನದಿಂದಲೇ ಹತ್ತಿತು. ನಿದ್ದೆಯಲ್ಲಿಯೂ ಖಾಲಿ ಜಮಖಾನೆ ಕಾಣುತ್ತಿತ್ತು.

ಸನಮಡಿಯ ಶಾಲೆಯ ಮುಖ್ಯಾಧ್ಯಾಪಕರಾದ ಗುರುಜಿಯವರು ಅಂಗಳ ಕೊಡಲು ಒಪ್ಪಿದರು. ಆದರೆ ಸೂಚನೆಯ ಕರಡನ್ನು ಓದಿ ಕನ್ನಡಕ ತೆಗೆದರು.

"ನಿಯಂತ್ರಣ ಅಂತ ಬರದ್ರ ಹೆಣ್ಮಕ್ಕಳು ಒಬ್ರೂ ಬರೂದಿಲ್ರಿ ಮೇಡಂ. ಕುಟುಂಬ ನಿಯಂತ್ರಣದ ಕ್ಯಾಂಪ್ ಅಂತ ತಿಳಕೊಂಡು ಹಿತ್ತಲ ಬಾಗಲ್ಲೆ ಓಡ್ತಾರ."

"ಮುಂದ 'ಸ್ವಯಂಚಲಿತ' ಅಂತ ಸೇರಸ್ತೀನ್ರಿ ಗುರುಜಿ."

"ಸ್ವಯಂಚಲಿತ! ಅದು ಇನ್ನೂ ಅಂಜಿಕಿ ಬರೂ ಮಾತಾತಲ್ಲರಿ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಬೇರೆ ಶಬ್ದ ಹೊಳೆಯದ ಕಾರಣ 'ಸ್ವಯಂಚಲಿತ ನಿಯಂತ್ರಣ' ಎಂದೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕಾಗದದ ಮೇಲೆ ಬರೆದು, ಗ್ರಾಮ ಪಂಚಾಯತಿಯ ಫಲಕದ ಮೇಲೆ ಬರೆಯಲು ಅಲ್ಲಿಯ ಶಿಪಾಯಿಗೆ, ಅಂದರೆ ಜವಾನನಿಗೆ, ಕೊಟ್ಟು ಜತ್ತಕ್ಕೆ ಮರಳಿದೆ.

ಮರಾಠಿ ಲಿಪಿಯಲ್ಲಿ 'ಯ'ಕ್ಕೂ 'ಮ'ಕ್ಕೂ ಒಂದು ಸಣ್ಣ ಬಾಗಿನ ಅಂತರ. ಮದುವೆ, ಕೂಸಿನ ಮೊದಲ ಕೂದಲು ತೆಗೆಸುವ ಜಾವಳ, ವಾಸ್ತುಶಾಂತಿಗಳ ನಿಮಂತ್ರಣಗಳನ್ನೇ ಬರೆದು ರೂಢಿಯಾದ ಆ ಶಿಪಾಯಿಯ ಕೈ ತನ್ನ ರೂಢಿಯ ದಾರಿ ಹಿಡಿಯಿತು. ಫಲಕದಲ್ಲಿ ಜಾಗ ಸಾಲದೆಂದು ಕನ್ನಡದ ಸಾಲನ್ನು ಬಿಡಲಾಯಿತು. ಸಂಜೆ ಗುಡಿಯ ಧ್ವನಿವರ್ಧಕದಲ್ಲಿ ಫಲಕವನ್ನು ನೋಡಿಯೇ ಸಾರಲಾಯಿತು: ರವಿವಾರ ಸಾಲ್ಯಾಗ ಸ್ವಯಂಚಲಿತ ನಿಮಂತ್ರಣ ಐತಿ, ಎಲ್ಲಾರೂ ಬರಬೇಕು.

ಇಲ್ಲಿ ಒಂದು ರೂಢಿಯನ್ನು ತಿಳಿಸುವುದು ಅವಶ್ಯ. ನಮ್ಮ ಸೀಮೆಯಲ್ಲಿ ಊಟದ ಕರೆಗಳಲ್ಲಿ ದರ್ಜೆಗಳಿವೆ. ಮನೆಗೊಬ್ಬರನ್ನು ಕರೆಯುವುದು ಒಂದು. ಮನೆಮಂದಿಯನ್ನೆಲ್ಲ ಕರೆಯುವುದು ಇನ್ನೊಂದು; ಅದಕ್ಕೆ ಮರಾಠಿಯಿಂದ ಬಂದ 'ಚೂಲಬಂದ' ಎಂಬ ಹೆಸರು. ಚೂಲ ಎಂದರೆ ಒಲೆ, ಬಂದ ಎಂದರೆ ಮುಚ್ಚಿದ್ದು. ಅಂಥ ಕರೆ ಬಂದ ದಿನ ಒಲೆ ಹೊತ್ತಿಸಿದರೆ ಕರೆದವರಿಗೆ ಅವಮಾನ. ಸ್ವಯಂಚಲಿತ ನಿಮಂತ್ರಣ ಎಂದರೇನೆಂದು ಕಟ್ಟೆಯ ಮೇಲೆ ಚರ್ಚೆ ನಡೆದು, ಮನೆಮನೆಗೆ ಬಂದು ಕುಂಕುಮ ಹಚ್ಚದಿದ್ದರೂ ತಾನಾಗಿ ಎಲ್ಲರಿಗೂ ಮುಟ್ಟಿದಂತಾಗುವ ಹೊಸ ನಮೂನೆಯ ಚೂಲಬಂದ ಇದು ಎಂಬ ತೀರ್ಮಾನಕ್ಕೆ ಬರಲಾಗಿತ್ತಂತೆ. ಇದೆಲ್ಲ ನನಗೂ, ಸಾಲೆ ಬಿಟ್ಟೊಡನೆ ತಮ್ಮ ಊರಿಗೆ ಮರಳುವ ಗುರುಜಿಗೂ ಆಮೇಲೆ ತಿಳಿದದ್ದು.

ಭಾನುವಾರ ನಾನು ತಲುಪಿದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಕಪ್ಪು ಗೆರೆ ಹಿಡಿದು ತಾನಾಗಿ ಓಡುವ ಪುಟ್ಟ ಗಾಡಿಯನ್ನೂ ತೇಲುಗುಂಡಿನ ಟಾಕಿಯನ್ನೂ ಮೇಜಿನ ಮೇಲಿಟ್ಟು, ಇಟ್ಟದ್ದನ್ನೇ ಮತ್ತೆ ಮತ್ತೆ ಸರಿಪಡಿಸಿದೆ. ಅಷ್ಟರಲ್ಲಿ ದಾರಿಯ ತಿರುವಿನಲ್ಲಿ ಹೆಣ್ಣುಮಕ್ಕಳು ಕಂಡರು. ಅವರ ಹಿಂದೆ ಗಂಡಸರು, ಮುದುಕರು, ಕಂಕುಳಲ್ಲಿ ಕೂಸುಗಳು. ನನ್ನ ಎದೆ ಹಿಗ್ಗಿತು. ಹತ್ತಿರ ಬಂದು ಜಮಖಾನೆಯ ಮೇಲೆ ಕುಳಿತಾಗ ಪ್ರತಿಯೊಬ್ಬರ ಕೈಯಲ್ಲಿ ತಾಟು, ತಂಬಿಗೆ ಕಂಡವು.

ಮುಂದಿದ್ದ ಹಿರಿಯ ಹೆಣ್ಣುಮಗಳು ಸೆರಗಿನಿಂದ ತಾಟು ಒರೆಸುತ್ತ, ಶಿಕ್ಷಕಿಯರನ್ನು ಇಲ್ಲಿ ಕರೆಯುವಂತೆ 'ಬಾಯಾರ' ಎಂದು ನನ್ನನ್ನು ಕರೆದು ಕೇಳಿದಳು: "ಒಲಿ ಹಚ್ಚಿಲ್ರಿ ಬಾಯಾರ. ನೀವು ಹೇಳೀರಿ ಅಂದಮ್ಯಾಲ ಹಚ್ಚೂದು ಚಲೋ ಕಾಣ್ಸಂಗಿಲ್ಲ. ಸಿಹಿ ಏನ್ ಮಾಡ್ಸೀರಿ?"

ಗುರುಜಿ ನನ್ನ ಮುಖ ನೋಡಿದರು, ಎದುರಿಗೇ ಇದ್ದ ಪಂಚಾಯತಿಗೆ ಲಗುಬಗೆಯಿಂದ ಹೋದರು, ಬಾಯಿಗೆ ಕೈ ಅಡ್ಡ ಹಿಡಿದು ಮರಳಿದರು. "ಮೇಡಂ, ನಿಮ್ಮ 'ಯ'ದ್ದು 'ಮ' ಆಗೇತಿ."

ಹೆದರಿದಾಗ ನನ್ನ ಬಾಯಿಂದ ಕಚೇರಿ ಪತ್ರವೇ ಹೊರಡುತ್ತದೆ. "ಮಾನ್ಯ ಗ್ರಾಮಸ್ಥರ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಸೂಚನೆಯಲ್ಲಿ ಅಕ್ಷರದೋಷ ಸಂಭವಿಸಿದ್ದು, ಭೋಜನದ ವ್ಯವಸ್ಥೆಯನ್ನು..."

ಕಂಬಳಿ ಹೊದ್ದ ಕುರುಬರ ಅಜ್ಜ, ಊರಿನವರ ಮುತ್ಯಾ, ಪಕ್ಕದವನನ್ನು ಕೇಳಿದರು: "ಬಾಯಾರು ಏನಂತಾರೋ?"

"ಊಟಿಲ್ಲಂತ."

"ಊಟಿಲ್ಲ ಅನ್ನಾಕ ಇಷ್ಟ ಉದ್ದ ಮಾತ್ಯಾಕ?"

ಕೆಲವರು ನಕ್ಕರು. ಕೆಲವರು ಏಳತೊಡಗಿದರು. ಹಸಿದ ಕೂಸೊಂದು ಅಳುತ್ತಿತ್ತು. ಕನ್ನಡವು ಯೋಜನೆಯಿಂದ ಎದ್ದು ಹೋಗುತ್ತಿರುವುದನ್ನು ನಾನು ಕಣ್ಣಾರೆ ನೋಡುತ್ತ ನಿಂತಿದ್ದೆ.

ತಾಟು ಒರೆಸುತ್ತಿದ್ದ ಹಿರಿಯಳೇ ಕೈ ಎತ್ತಿದಳು. "ಕುಂದರ್ರಿ ಎಲ್ಲಾರೂ. ಒಯ್ದ ತಾಟು ಖಾಲಿ ಮನಿಗಿ ತರಬಾರದು. ಗುರುಜಿ, ನಿಮ್ಮ ದೊಡ್ಡ ಪಾತೇಲಿ ಐತಲ್ರಿ?"

ಮಕ್ಕಳ ಊಟದ ಧಾನ್ಯವನ್ನು ಮುಟ್ಟುವಂತಿಲ್ಲ, ಪಾತ್ರೆಗೆ ಅಡ್ಡಿಯಿಲ್ಲ ಎಂದು ಗುರುಜಿ ಹೇಳಿದರು. ಶಾಲೆಯ ಮಗ್ಗುಲಿನ ಮನೆಗಳಿಂದ ಜೋಳದ ನುಚ್ಚು ಬಂತು, ಮುತ್ಯಾನ ಮನೆಯಿಂದ ಮಜ್ಜಿಗೆ ಬಂತು, ಕಟ್ಟಿಗೆ ಬಂತು. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಪಾತ್ರೆ ಏರಿಸಿದರು. ಹಿರಿಯಳು ನನ್ನತ್ತ ತಿರುಗಿದಳು.

"ನುಚ್ಚ ಬೇಯೂತನಾ ನಿಮ್ಮ ಮಾತು ಹೇಳ್ರಿ ಬಾಯಾರ. ಬೆಂದಮ್ಯಾಲ ನಿಮ್ಮನ್ನ ಯಾರೂ ಕೇಳಂಗಿಲ್ಲ."

ನಾನು ಗಾಡಿ ಓಡಿಸಿದೆ. ಅದು ಗೆರೆ ತಪ್ಪಿ, ತಾನೇ ತಿದ್ದಿಕೊಂಡು, ಮತ್ತೆ ಗೆರೆಗೆ ಬಂತು. ಮಕ್ಕಳು ಕೂಗಿದರು. ಮುತ್ಯಾ ಮಾತ್ರ "ನಮ್ಮ ನಾಯೀನೂ ಹಿಂಗ ಕುರಿ ತಿರುವ್ತದ. ಅದಕ್ಕ ಸೆಲ್ ಹಾಕೂದು ಬ್ಯಾಡ" ಎಂದರು. ತೇಲುಗುಂಡು ಏರಿ ನೀರು ನಿಂತಾಗ ಎಲ್ಲರೂ ಒಲೆಯ ಕಡೆ ನೋಡುತ್ತಿದ್ದರು. ಪ್ರಶ್ನೆಗಳಿವೆಯೇ ಎಂದು ಕೇಳಿದೆ. ಇರಲಿಲ್ಲ. ನುಚ್ಚಿನ ವಾಸನೆ ಬರತೊಡಗಿತ್ತು. ನನ್ನ ಅವಧಿ ಮುಗಿಯುತ್ತಿತ್ತು.

ಆಗ ನುಚ್ಚು ಉಕ್ಕಿತು. ಒಲೆಯ ಮುಂದಿದ್ದ ಹಿರಿಯಳ ಸೊಸೆ ಥಟ್ಟನೆ ಒಂದು ಕಟ್ಟಿಗೆ ಎಳೆದಳು, ಸೌಟಿನಲ್ಲಿ ಎತ್ತಿ ನೋಡಿದಳು, ಅರ್ಧ ಕಟ್ಟಿಗೆಯನ್ನು ಮತ್ತೆ ಒಳಗೆ ದೂಡಿದಳು. "ಹದಾ ನೋಡ, ತಳ ಹಿಡದೀತು" ಎಂದು ಹಿರಿಯಳು ಕೂತಲ್ಲಿಂದಲೇ ಹೇಳಿದಳು.

ಆ ಶಬ್ದವನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಹೊಲದ ಹದ, ಹಿಟ್ಟಿನ ಹದ, ಪಾಕದ ಹದ. ಅಂದು ಕೇಳಿದೊಡನೆ ಕಚೇರಿಯ ಭಾಷೆ ನನ್ನ ಬಾಯಿಂದ ಬಿದ್ದುಹೋಯಿತು.

"ಇದ ನೋಡ್ರೀ ನಾ ಹೇಳೂದು!" ಎಂದು ಕೂಗಿಯೇ ಬಿಟ್ಟೆ. "ಕಣ್ಣು ನೋಡ್ತು. ನುಚ್ಚು ಹೆಂಗಿರಬೇಕು ಅನ್ನೂದು ಮನಸಿನ್ಯಾಗ ಇತ್ತು. ಹಂಗಿಲ್ಲ ಅಂತ ಕೈ ಕಟಗಿ ಎಳೀತು. ಎಳದು ಮತ್ತ ನೋಡ್ತು. ಇಷ್ಟೂ ಮಷೀನ ತಾನ ಮಾಡಿದ್ರ ಅದ ನನ್ನ ವಿದ್ಯಾ. ಮಷೀನ ತಾನ ಹದಾ ಕಾಯೂದು."

ಸೌಟು ಹಿಡಿದ ಸೊಸೆಯೇ ಮೊದಲು ಕೇಳಿದಳು: "ಮಷೀನಿಗಿ ಹದಾ ಯಾರ ಹೇಳಿ ಕೊಡ್ತಾರ್ರಿ?"

ನಾನು ಉತ್ತರಿಸುವ ಮೊದಲೇ ಇನ್ನೊಂದು ಬಂತು. "ಲಗೂನ ಎಳೀಲಿಲ್ಲ, ತಡಾ ಆತು ಅಂದ್ರ?" ಮುತ್ಯಾ ಕೇಳಿದರು: "ಕಣ್ಣ ಮಂಜಾದ್ರ ಏನ್ ಮಾಡ್ತದ?" ಸೊಸೆ ಓರೆಗಣ್ಣಿನಿಂದ ಹಿರಿಯಳನ್ನು ನೋಡಿ ಮತ್ತೊಂದು ಎಸೆದಳು: "ಇಬ್ರು ಎರಡ ಹದಾ ಹೇಳಿದ್ರ ಯಾರ ಮಾತ ಕೇಳಬೇಕ್ರಿ ಪಾಪ ಅದು?"

"ಅತ್ತೀದು ಕೇಳಬೇಕು!" ಎಂದು ಹಿರಿಯಳು ಗದರಿದಳು. ಅಂಗಳವೆಲ್ಲ ನಕ್ಕಿತು. ತಡವಾಗಿ ತಿದ್ದಿದರೆ ಏನಾಗುತ್ತದೆ, ನೋಡುವ ಕಣ್ಣೇ ಕೆಟ್ಟರೆ ಏನಾಗುತ್ತದೆ ಎಂಬುವು ನಮ್ಮ ಪಠ್ಯಪುಸ್ತಕದ ಕಷ್ಟದ ಅಧ್ಯಾಯಗಳು. ನಾನು ಸೀಮೆಸುಣ್ಣ ಹಿಡಿದು, ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲಿಯೇ ಶಾಲೆಯ ಫಲಕದ ಮೇಲೆ ಬರೆದುಕೊಂಡೆ. 'ಯ'ಗಳನ್ನು ಎರಡೆರಡು ಸಲ ನೋಡಿದೆ. ಆಮೇಲೆ ನುಚ್ಚು ಬೆಂದಿತು, ಮತ್ತು ಹೇಳಿದಂತೆಯೇ ನನ್ನನ್ನು ಯಾರೂ ಕೇಳಲಿಲ್ಲ.

ವರದಿ ಬರೆಯುವಾಗ ಭಯ ಮರುಕಳಿಸಿತು. ಜನರು ಊಟಕ್ಕೆಂದು ಬಂದಿದ್ದರು ಎಂಬುದನ್ನು ಬರೆದರೆ ಕಾರ್ಯಕ್ರಮವೇ ಅಸಿಂಧುವಾಗಬಹುದು. ಬರೆಯದಿದ್ದರೆ ಆ ಪ್ರಶ್ನೆಗಳು ಎಲ್ಲಿಂದ ಬಂದವೆಂದು ತಿಳಿಯುವುದಿಲ್ಲ. ಆದ್ದರಿಂದ 'ಯ' ಮತ್ತು 'ಮ'ದಿಂದ ಹಿಡಿದು ಎಲ್ಲವನ್ನೂ ಬರೆದು, ಪಾತ್ರೆಯ ಚಿತ್ರವನ್ನು ಲಗತ್ತಿಸಿ ಕಳುಹಿಸಿದೆ. ಮುಂದಿನ ಸಭೆಯಲ್ಲಿ ಸಂಚಾಲಕಿಯವರು ವರದಿಯನ್ನು ಗಟ್ಟಿಯಾಗಿ ಓದಿದರು. ನಾನು ಉಗುರು ಕಡಿಯುತ್ತಿದ್ದೆ. ಕನ್ನಡ ಏಕೆ ಎಂದು ಹಿಂದೆ ಕೇಳಿದ್ದ ಸದಸ್ಯರು ಒಂದೇ ಮಾತು ಕೇಳಿದರು: ವರದಿಯಲ್ಲಿನ 'ಹದ' ಎಂಬ ಶಬ್ದವನ್ನು ಹೇಗೆ ಉಚ್ಚರಿಸುವುದು? ಹೇಳಿದೆ. ಅವರು 'ಹಡಾ' ಎಂದರು. ತಿದ್ದಿದೆ. ಮತ್ತೆ ಪ್ರಯತ್ನಿಸಿದರು. ಕನ್ನಡವನ್ನು ಯೋಜನೆಯಲ್ಲಿ ಉಳಿಸಿಕೊಳ್ಳಲಾಯಿತೆಂದು ನಡಾವಳಿಯಲ್ಲಿ ದಾಖಲಾಯಿತು.

ಅಂದು ಕರಜಗಿಯ ಮನೆಗೆ ಮರಳಿ ಅವ್ವನಿಗೆ ಹೇಳಿದೆ: "ಮಷೀನಿಗೆ ಹದಾ ಕಾಯೂದು ಕಲಸ್ತೀನಬೇ ನಾ."

ಅವ್ವ ರೊಟ್ಟಿ ತಿರುವಿ ಹಾಕುತ್ತ, "ಹೌದೇನು? ಹಂಗಾರ ಮೊದಲ ನೀ ಹಿಟ್ಟಿಂದು ಕಲಿ" ಎಂದಳು. ಆದರೆ ಮತ್ತೆಂದೂ ಏನು ಕಲಿಸುತ್ತೀ ಎಂದು ಕೇಳಿಲ್ಲ.

ಈಗ ಇನ್ನೊಂದು ಹಳ್ಳಿಯಾದ ಬಾಲಗಾಂವದಲ್ಲಿ ಕಾರ್ಯಕ್ರಮ ನಿಗದಿಯಾಗಿದೆ. ಈ ಸಲ ಫಲಕದ ಮೇಲೆ ನಾನೇ ಬರೆದೆ, ಎರಡೂ ಲಿಪಿಗಳಲ್ಲಿ, ನಿಯಂತ್ರಣ ಎಂಬ ಶಬ್ದವನ್ನೇ ಬಿಟ್ಟು: 'ಹದ ಕಾಯುವ ವಿದ್ಯೆ. ಎಲ್ಲರೂ ಬರ್ರಿ.' ಬರೆದು ಹಿಂದೆ ಸರಿದು ಅಕ್ಷರ ಅಕ್ಷರ ಪರಿಶೀಲಿಸುತ್ತಿರುವಾಗ ದಾರಿಹೋಕನೊಬ್ಬ ಸೈಕಲ್ ನಿಲ್ಲಿಸಿ ಓದಿದ.

"ಹದಾ ಅಂದ್ರ ಯಾತರದ್ರಿ ಬಾಯಾರ? ಹೋಳಿಗೀದೇನ್ರಿ?"

ನಾನು ಸೀಮೆಸುಣ್ಣ ಎತ್ತಿ 'ಊಟದ ವ್ಯವಸ್ಥೆ ಇರುವುದಿಲ್ಲ' ಎಂದು ಕೆಳಗೆ ಬರೆದೆ. ನೋಡಿದೆ. 'ಎಲ್ಲರೂ ಬರ್ರಿ' ಎಂಬುದರ ಕೆಳಗೆ ಅದು ಬಹಳ ಕೆಟ್ಟದಾಗಿ ಕಂಡಿತು. ಅಳಿಸಿದೆ. ಜತ್ತಕ್ಕೆ ಮರಳಿದವಳು ಒಂದು ಚೀಲ ಜೋಳವನ್ನು ಗಿರಣಿಗೆ ಕೊಟ್ಟು, ನುಚ್ಚು ಒಡೆಯಲು ಹೇಳಿ ಬಂದೆ. ಸಾಲುವುದೋ ಇಲ್ಲವೋ ತಿಳಿಯದು.