ಉಪ್ಪು ಬಡಿಸಿದ ಅಕ್ಕ

ನನ್ನ ಅಕ್ಕನಿಗೆ ಮದುವೆಮನೆಯೆಂದರೆ ಪ್ರಾಣ. ಹುಟ್ಟಿನಿಂದಲೇ ಅವಳ ಬುದ್ಧಿಯ ಬೆಳವಣಿಗೆ ನಿಧಾನ, ಮಾತು ತಡವರಿಸುತ್ತಿತ್ತು, ಕೈ ತುಸು ನಡುಗುತ್ತಿತ್ತು. ಆದರೆ ನಮ್ಮೂರು ಕೋಡಿಯಲ್ಲಿ ಯಾರ ಅಂಗಳದಲ್ಲಿ ಚಪ್ಪರ ಏಳುತ್ತಿದೆ ಎನ್ನುವುದು ನಮ್ಮ ಮನೆಯಲ್ಲಿ ಅವಳಿಗೇ ಮೊದಲು ಗೊತ್ತಾಗುತ್ತಿತ್ತು. ಅಮ್ಮ ಕರೆದುಕೊಂಡು ಹೋಗುತ್ತಿದ್ದದ್ದು ಅಪರೂಪ. ಹೋದರೂ ಕೊನೆಯ ಪಂಕ್ತಿಯ ಮೂಲೆಯಲ್ಲಿ ಕೂತು, ಅವಳಿಗೆ ಉಣಿಸಿ, ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದರು.

ಊರಲ್ಲಿ ಒಬ್ಬೊಬ್ಬರ ಕೈಗೂ ಮೊಬೈಲ್ ಬರುತ್ತಿದ್ದ ಕಾಲದಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಹುಡುಗ ಮುಂಬೈಯಲ್ಲಿ ಹೋಟೆಲ್ ನಡೆಸುವವರು. ಸಾಸ್ತಾನದ ಹಾಲ್‌ನಲ್ಲಿ ಮದುವೆ. ಹಿಂದಿನ ಸಂಜೆ ಅಕ್ಕ ಅಪ್ಪನ ಪಂಚೆ ಹಿಡಿದು ನಿಂತಳು.

"ತಂಗಿ ಮದಿ. ನಾನ್ ಬಡ್ಸ್ತೆ."

"ಬ್ಯಾಡ ಮಾರಾಯ್ತಿ, ನೀನ್ ಯಾರ್ದಾರೂ ಸೀರಿ ಮೇಲ್ ಸಾರ್ ಚೆಲ್ತೆ," ಎಂದರು ನಮ್ಮ ಸೋದರತ್ತೆ.

ಅಪ್ಪ ಸ್ವಲ್ಪ ಯೋಚಿಸಿದರು. "ಉಪ್ಪ್ ಬಡ್ಸ್ಲಿ. ಚೆಲ್ಲಿರೆ ಎಂತ ಆತ್ತ್?"

ಮರುದಿನ ಅಕ್ಕ ಹಸಿರು ಸೀರೆಯುಟ್ಟು, ಉಪ್ಪಿನ ಬಟ್ಟಲನ್ನು ಎದೆಗವಚಿಕೊಂಡು ಎಲೆಗಳ ಸಾಲಿಗೆ ಇಳಿದಳು. ಒಂದು ಚಿಟಿಕೆ ಹಾಕುವಳು, ಉಣ್ಣುವವರ ಮುಖವನ್ನೇ ನೋಡುತ್ತ ನಿಲ್ಲುವಳು. ಅವರು ತಲೆಯೆತ್ತಿ ನಕ್ಕ ಮೇಲೆಯೇ ಮುಂದಿನ ಎಲೆ. ಹಿಂದೆ ಉಪ್ಪಿನಕಾಯಿ, ಪಲ್ಯ, ಕೋಸಂಬರಿ ಹಿಡಿದವರೆಲ್ಲ ಸಾಲಾಗಿ ನಿಂತುಬಿಟ್ಟರು.

"ಹ್ವಾಯ್, ಬೇಗ ಹೋಯ್ಕಲೆ!" ಎಂದು ಯಾರೋ ಕೂಗಿದರು.

ಗಂಡಿನ ಅಜ್ಜಿ ಪಂಕ್ತಿಯಲ್ಲಿ ಕೂತಲ್ಲಿಂದಲೇ ಗದರಿದರು: "ಎಂತ ಬಸ್ ತಪ್ಪುತ್ತಾ ನಿಮ್ಗೆ? ಅದ್ ಚೆಂದ ಮಾಡಿ ಬಡ್ಸ್‌ತಿತ್ತ್, ಬಡ್ಸ್ಲಿ."

ಕೊನೆಗೆ ನಮ್ಮ ಎಲೆಯ ಬಳಿ ಬಂದಳು. ನನ್ನ ಗಂಡ ಬೆಳಗಿನಿಂದ ಪರೀಕ್ಷೆಗೆ ಕೂತವರಂತೆ ಮುಖ ಬಿಗಿದುಕೊಂಡಿದ್ದರು. ಅಕ್ಕ ಉಪ್ಪು ಹಾಕಿ ಕಾದಳು. ಅವರು ಗಾಬರಿಯಿಂದ ನನ್ನತ್ತ ನೋಡಿದರು. ಅಕ್ಕ ಬಾಗಿ ಇನ್ನೊಂದು ಚಿಟಿಕೆ ಹಾಕಿದಳು, ಆಮೇಲೆ ಮತ್ತೊಂದು.

"ನೆಗಾಡಿ ಕಾಂಬ!" ಎಂದಳು, ಒಂದಿಷ್ಟೂ ತಡವರಿಸದೆ.

ಅವರು ಹೋ ಎಂದು ನಕ್ಕುಬಿಟ್ಟರು. ಇಡೀ ಪಂಕ್ತಿ ನಕ್ಕಿತು. ಎಲೆಯ ತುದಿಯಲ್ಲಿ ಉಪ್ಪಿನ ಗುಡ್ಡೆಯೇ ಬಿದ್ದಿತ್ತು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಆಮೇಲೆ ಊರವರು ಮದುವೆಗೆ ಕರೆಯಲು ಹೇಳಿಕೆಗೆ ಬಂದಾಗ ಅಮ್ಮನಿಗೆ ಹೇಳಿ ಮುಗಿಸಿ, ಅಕ್ಕನ ಕಡೆ ತಿರುಗಿ, "ನೀ ಬರ್ಕ್ ಹಾಂ, ಉಪ್ಪಿಗ್ ಬೇರೆ ಯಾರೂ ಇಲ್ಲೆ," ಎನ್ನತೊಡಗಿದರು. ಬ್ರಹ್ಮಾವರದಿಂದ ಬೈಂದೂರಿನ ತನಕ ಅವಳು ಬಡಿಸಿದ್ದಾಳೆ. ನಾನು ಮುಂಬೈಯಿಂದ ಫೋನ್ ಮಾಡಿದರೆ ಅವಳಿಗೆ ನನ್ನ ಸುದ್ದಿ ಬೇಡ. ಯಾರ ಮನೆಯ ಪಾಯಸ ಹೇಗಿತ್ತು ಎನ್ನುವುದನ್ನು ಹೇಳುವುದರಲ್ಲೇ ಹೊತ್ತು ಹೋಗುತ್ತದೆ. ಅಮ್ಮ ಈಗ ಮೊದಲ ಪಂಕ್ತಿಯ ನಟ್ಟನಡುವೆ ಕೂತು, ಸಾವಕಾಶವಾಗಿ, ಎರಡು ಸಲ ಪಾಯಸ ಹಾಕಿಸಿಕೊಂಡು ಉಣ್ಣುತ್ತಾರಂತೆ.