ಇಬ್ಬರು ಮಲ್ಲಪ್ಪರ ನಡುವೆ ಸಿಕ್ಕ ಪೈಪು

ನಮ್ಮ ಹನಿ ನೀರಾವರಿ ಅಂಗಡಿಗೆ ಬರುವ ಪ್ರತಿ ಕೆಲಸವನ್ನೂ ಕಂಪ್ಯೂಟರಿನಲ್ಲಿ ಆಯಾ ಗಿರಾಕಿಯ ಖಾತೆಗೆ ಜೋಡಿಸಬೇಕಿತ್ತು, ನಾನು ಜೋಡಿಸಲಿಲ್ಲ. ಹೆಸರು, ಫೋನ್ ನಂಬರ್ ಬರೆದು ಬಿಡುತ್ತಿದ್ದೆ. ಅಂಗಡಿಯ ಹುಡುಗರು ಬರೀ ಹೆಸರು ನೋಡಿ, ತಿಕೋಟಾದ ಮಲ್ಲಪ್ಪನವರ ದ್ರಾಕ್ಷಿ ತೋಟದ ಡ್ರಿಪ್ ಪೈಪನ್ನು ಬಬಲೇಶ್ವರದ ಮಲ್ಲಪ್ಪನವರ ಹೊಲದಲ್ಲಿ ಇಳಿಸಿ ಬಂದರು. ಅಕ್ಕ ತಂದ ಸಾಫ್ಟ್‌ವೇರೇ ಸರಿಯಿಲ್ಲ ಎಂದುಬಿಟ್ಟೆ. ಅಪ್ಪ ಆ ಸಾಫ್ಟ್‌ವೇರನ್ನೇ ತೆಗೆಸಲು ಹೊರಟರು.

ನಿನ್ನೆ ಅಥಣಿ ರಸ್ತೆಯ ನಮ್ಮ ಅಂಗಡಿಯಲ್ಲಿ ಅಕ್ಕ ತಾನೇ ಬರೆದ ಪುಟ್ಟ ಪ್ರೋಗ್ರಾಂ ಓಡಿಸಿದಳು. ಅದು ಫೋನ್ ನಂಬರ್ ಹಿಡಿದು ಹುಡುಕಿದ್ದೇ ತಡ, ಕೆಲಸಗಳೆಲ್ಲ ಪಟಪಟನೆ ತಮ್ಮ ತಮ್ಮ ಗಿರಾಕಿಗಳ ಕೆಳಗೆ ಹೋಗಿ ಕೂತವು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಲೇ ತಮ್ಮಾ, ಇಬ್ರೂ ಮಲ್ಲಪ್ಪರು ಬ್ಯಾರೆ ಬ್ಯಾರೆ ಕುಂತಾರ ನೋಡು. ನಿನ್ನ ಮೈಗಳ್ಳತನಕ್ಕ ಮಾತ್ರ ಪ್ರೋಗ್ರಾಂ ಬರಿಯಾಕ ನನಗ ಬರಂಗಿಲ್ಲ!"

ಅಪ್ಪನೂ ನಕ್ಕರು. ಅವರೆದುರೇ ಹೇಳಿದೆ: "ತಪ್ಪು ನಂದ ಐತಿ ಅಕ್ಕಾ, ನಿನ್ನ ಮ್ಯಾಲ ಹಾಕಿದ್ನಿ. ತಪ್ಪಾತು."