ದೇಶನೂರಿಗೆ ವಿರೂಪಮ್ಮ ಕೊಟ್ಟಿದ್ದ ಮಾತು

ವಿರೂಪಮ್ಮನವರನ್ನು ನಾನು ಮೊದಲು ಕಂಡದ್ದು ಬಳ್ಳಾರಿಯ ಒಂದು ಬಾಡಿಗೆ ಮನೆಯ ಮಹಡಿ ಮೆಟ್ಟಿಲ ಮೇಲೆ. ಅಂದು ಸೋಮವಾರ, ನನ್ನ ಕೆಲಸದ ಮೊದಲ ದಿನ. ರಾರಾವಿಯಿಂದ ಮೊದಲ ಬಸ್ಸಿಗೆ ಹೊರಟಿದ್ದರಿಂದ ಕಚೇರಿ ತೆರೆಯುವ ಒಂದು ಗಂಟೆ ಮೊದಲೇ ಬಂದು ಕುಳಿತಿದ್ದೆ. ಹತ್ತಕ್ಕೆ ಐದು ನಿಮಿಷ ಇರುವಾಗ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ನೀಲಿ ಸೀರೆ, ಕಾಲಲ್ಲಿ ಗಂಡಸರ ಚಪ್ಪಲಿ, ಹೆಗಲಿಗೆ ರೆಕ್ಸಿನ್ ಚೀಲ, ಕೈಯಲ್ಲಿ ಪೇಪರಿನ ಪೊಟ್ಟಣ.

"ಹೊಸ ಕಂಪ್ಯೂಟರ್ ಹುಡುಗ ನೀನ ಏನು?"

"ಹೌದ್ರಿ."

"ರಿ ಗಿ ಬ್ಯಾಡ, ಅಕ್ಕ ಅನ್ನು. ಉಂಡಿಯೇನು?"

"ಉಂಡೀನಿ."

"ಸುಳ್ಳು ಹೇಳಾಕ ಬರಂಗಿಲ್ಲ ನಿನಗ. ತಗೋ, ವಗ್ಗರಣಿ ಐತಿ."

ಒಗ್ಗರಣೆ ಹಾಕಿದ ಮಂಡಕ್ಕಿ ತಿಂದಾದ ಮೇಲೆ ಅವರು ಚೀಲದಿಂದ ಒಂದು ಉದ್ದನೆಯ ಡಬ್ಬಿ ತೆಗೆದರು. ಅದರಲ್ಲಿ ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆಗಳಿದ್ದವು. ಒಂದಕ್ಕಿಂತ ಒಂದು ಸಣ್ಣ. "ನಾ ತರೋ ಅಂಕಿ ನೀ ಬರೀಬೇಕು. ಅದು ಏನಂತ ಗೊತ್ತಿರಬೇಕಲ್ಲ? ಕಣ್ಣು ಮುಚ್ಚಿ ಕೈ ಚಾಚು. ಎಲ್ಲಿ ಮುಟ್ಟಿದೆ, ತೋರ್ಸು." ನಾನು ತೋರಿಸುತ್ತ ಹೋದೆ. ಕೊನೆಯ ಎಳೆ ಅಂಗೈ ಮೇಲೆ ಕೂದಲು ಬಿದ್ದಷ್ಟು ಹಗುರವಾಗಿತ್ತು.

"ಇದು ತಿಳೀತಂದ್ರ ನೀ ಸಾವ್ಕಾರ," ಎಂದರು. "ನಮ್ಮ ಮಂದಿಗೆ ರೊಟ್ಟಿ ಹಂಚು ಮುಟ್ಟಿದ್ರೂ ತಿಳಿಯಂಗಿಲ್ಲ."

ನಮ್ಮ ಮಂದಿ ಎಂದರೆ ಕುಷ್ಠರೋಗ ಬಂದವರು. ರೋಗಕ್ಕೆ ಸರ್ಕಾರದ ಮಾತ್ರೆ ಇದೆ. ಕಟ್ಟುನಿಟ್ಟಾಗಿ ನುಂಗಿದರೆ ವಾಸಿಯಾಗುತ್ತದೆ, ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಆದರೆ ಕೆಲವರಿಗೆ ನಡುವೆಯೇ ನರಗಳಿಗೆ ಬಾವು ಬಂದು, ಸ್ಪರ್ಶ ಹೋಗಿ, ಬೆರಳು ಮಡಚಿಕೊಳ್ಳುತ್ತವೆ. ಆ ಬಾವು ಇಳಿಸುವ ಬೇರೆ ಮಾತ್ರೆಯನ್ನು ಎಷ್ಟು ತಿಂಗಳು ಕೊಟ್ಟರೆ ಕೈ ಉಳಿಯುತ್ತದೆ ಎಂದು ತಿಳಿಯುವುದೇ ನಮ್ಮ ಅಧ್ಯಯನ. ನಾಲ್ಕು ದೇಶಗಳಲ್ಲಿ ಒಟ್ಟಿಗೆ ನಡೆಯುತ್ತಿತ್ತು. ಹಣ ಹೊರಗಿನ ಒಂದು ಶ್ರೀಮಂತ ದೇಶದ ಸರ್ಕಾರದ್ದು. ನಾಲ್ಕು ತಿಂಗಳ ನಂತರ ಅರ್ಧ ಜನರಿಗೆ ನಿಜವಾದ ಮಾತ್ರೆ ಮುಂದುವರಿಯುತ್ತಿತ್ತು, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ನಮ್ಮ ವೈದ್ಯೆ ಡಾಕ್ಟರ್ ಸಂಪದಾ ಅವರಿಗೂ ಗೊತ್ತಿರಲಿಲ್ಲ. ಆ ಪಟ್ಟಿ ಹಣ ಕೊಟ್ಟ ದೇಶದಲ್ಲಿತ್ತು.

ವಿರೂಪಮ್ಮನವರದು ಕುರುಗೋಡು. ಹತ್ತನೆಯ ತರಗತಿ ಓದಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಇದ್ದವಳು ಒಬ್ಬಳೇ ಮಗಳು. ನಮ್ಮಲ್ಲಿಗೆ ಬರುವ ಮೊದಲು ಆರೋಗ್ಯ ಇಲಾಖೆಯ ಗುತ್ತಿಗೆ ಕೆಲಸದಲ್ಲಿ ಸಿರುಗುಪ್ಪ ತಾಲೂಕಿನ ಹಳ್ಳಿಗಳಲ್ಲಿ ಮನೆ ಮನೆ ತಿರುಗಿ, ಮೈಮೇಲೆ ಮಚ್ಚೆ ಇದೆಯೇ ಎಂದು ನೋಡುತ್ತಿದ್ದರು. ಹಾಗಾಗಿ ಆ ಊರುಗಳಲ್ಲಿ ಅವರ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಅವರು ಕುಷ್ಠದಕ್ಕ. ಕುಷ್ಠದಕ್ಕ ಎರಡನೆಯ ಸಲ ಯಾರ ಬಾಗಿಲಿಗೆ ಬಂದರೂ ಬೀದಿಗೆಲ್ಲ ಸುದ್ದಿಯಾಗುತ್ತಿತ್ತು. ಅದಕ್ಕಾಗಿ ಅಧ್ಯಯನಕ್ಕೆ ಸೇರಿದ ಒಬ್ಬೊಬ್ಬರಿಗೂ ಅವರು ಒಂದೊಂದು ಜಾಗ ಗೊತ್ತುಮಾಡಿದ್ದರು. ಒಬ್ಬರಿಗೆ ಕುರುಗೋಡಿನ ಹಿಟ್ಟಿನ ಗಿರಣಿ, ಇನ್ನೊಬ್ಬರಿಗೆ ಹಲಕುಂದಿ ಮಠದ ಜಗಲಿ. ಫಾರ್ಮಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ನಾನು ಇದನ್ನೆಲ್ಲ ಟೈಪ್ ಮಾಡುತ್ತಿದ್ದೆ.

ದೇಶನೂರಿನ ಸೌಂದರ್ಯಳ ಜಾಗ ಸಿರುಗುಪ್ಪದಲ್ಲಿ ಬ್ಲೌಸ್ ಹೊಲಿಯುವ ಸರೋಜಾಳ ಅಂಗಡಿ. ಎರಡು ವಾರಕ್ಕೊಮ್ಮೆ ಗುರುವಾರ ಬಟ್ಟೆಯ ನೆಪ ಹೇಳಿ ಬಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೈ ತೋರಿಸಿ, ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದಳು. ಸರೋಜಾಗೆ ಇವರಿಬ್ಬರೂ ಒಂದೇ ತವರಿನವರು ಎಂದಷ್ಟೇ ಗೊತ್ತು. ಸೌಂದರ್ಯಳಿಗೆ ಇಪ್ಪತ್ತಮೂರು ವರ್ಷ, ಮದುವೆಯಾಗಿ ಎರಡು ವರ್ಷ. ಎಡಗೈಯ ಕೊನೆಯ ಎರಡು ಬೆರಳು ಮಾತ್ರ ಮರಗಟ್ಟಿದ್ದವು. ಮನೆಯಲ್ಲಿದ್ದ ಒಂದೇ ಫೋನು ಗಂಡ ಹುಲಿಗೇಶನ ಜೇಬಿನಲ್ಲಿರುತ್ತಿತ್ತು. ಆ ಊರಿನ ಆಶಾ ಕಾರ್ಯಕರ್ತೆ ಅವನ ಚಿಕ್ಕಮ್ಮ. ಅಧ್ಯಯನಕ್ಕೆ ಒಪ್ಪಿ ಸಹಿ ಹಾಕುವ ದಿನ ಅವಳು ಕೇಳಿದ್ದು ಒಂದೇ.

"ಅಕ್ಕ, ಏನಾದ್ರೂ ಆಗ್ಲಿ, ನೀ ನಮ್ಮ ಮನಿಗೆ ಬರಬಾರದು."

"ಬರಂಗಿಲ್ಲ."

"ನಾ ಸತ್ರೂ ಬರಬಾರದು."

"ಬರಂಗಿಲ್ಲಬೇ. ನನ್ನ ಮಗಳ ಮ್ಯಾಲ ಆಣಿ."

ಕಳೆದ ವರ್ಷ ಫೆಬ್ರವರಿಯ ಒಂದು ಶುಕ್ರವಾರ ಇ-ಮೇಲ್ ಬಂತು. ನಾನೇ ತೆರೆದು ಓದಿದೆ. ಹಣ ಕೊಡುವ ಸರ್ಕಾರ ಹೊರದೇಶಗಳಿಗೆ ಕೊಡುವುದನ್ನೆಲ್ಲ ತಡೆಹಿಡಿದಿದೆ. ಇಂದಿನಿಂದ ಯಾವ ಕೆಲಸವೂ ನಡೆಯಕೂಡದು, ರೋಗಿಗಳನ್ನು ಭೇಟಿಯಾಗಕೂಡದು, ಉಳಿದ ಮಾತ್ರೆಗಳನ್ನು ಮೊಹರು ಮಾಡಿ ಇಡಬೇಕು. ಸಂಪದಾ ಮೇಡಂ ಮೂರು ಸಲ ಓದಿಸಿದರು. ಆಮೇಲೆ, "ಈ ಮಾತ್ರೆ ಒಮ್ಮೆಲೇ ನಿಲ್ಲಿಸಬಾರದು. ಸ್ವಲ್ಪ ಸ್ವಲ್ಪ ಇಳಿಸಬೇಕು. ಇಲ್ಲದಿದ್ದರೆ ಬಾವು ಮತ್ತೆ ಬರುತ್ತದೆ, ಮನುಷ್ಯ ಕುಸಿದು ಬೀಳಬಹುದು. ಅವರಿಗೆ ಇದು ಗೊತ್ತಿಲ್ಲವೇ?" ಎಂದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ. ಬೀರುವಿಗೆ ಮೊಹರು ಹಾಕಿ, ಸಂಜೆಯವರೆಗೂ ತಮ್ಮ ಫೋನಿನಿಂದಲೇ ಒಬ್ಬೊಬ್ಬರನ್ನೂ ಕರೆದರು. ಸರ್ಕಾರಿ ಆಸ್ಪತ್ರೆಗೆ ಬನ್ನಿ, ಚೀಟಿ ಬರೆದು ಕೊಡುತ್ತೇನೆ ಎಂದರು. ಮೂವತ್ತೊಂದು ಜನರಲ್ಲಿ ಮೂವತ್ತು ಜನ ಸಿಕ್ಕರು. ಸೌಂದರ್ಯಳಿಗೆ ಮಾತ್ರ ಗಂಡನ ಫೋನಿಗೆ ಕರೆ ಮಾಡುವಂತಿರಲಿಲ್ಲ.

ಸೌಂದರ್ಯ ಹಿಂದಿನ ದಿನವಷ್ಟೇ ಹದಿನಾಲ್ಕು ದಿನದ ಮಾತ್ರೆ ಒಯ್ದಿದ್ದಳು. ಅದು ಮುಗಿಯುವ ಗುರುವಾರ ವಿರೂಪಮ್ಮ, ಮೇಡಂ ಬರೆದ ಮಾತ್ರೆಯನ್ನು ಔಷಧಿ ಅಂಗಡಿಯಲ್ಲಿ ಕೊಂಡು, ಸಂಬಳವಿಲ್ಲದ ಆ ದಿನಗಳಲ್ಲಿ ತಮ್ಮದೇ ಖರ್ಚಿನಲ್ಲಿ ಸಿರುಗುಪ್ಪಕ್ಕೆ ಹೋದರು. ಸರೋಜಾಳ ಅಂಗಡಿ ಮುಚ್ಚುವತನಕ ಕುಳಿತರು. ಸೌಂದರ್ಯ ಬರಲಿಲ್ಲ. ಬೇಸಿಗೆ ಭತ್ತದ ನಾಟಿಯ ಕಾಲ. ದೇಶನೂರಿನಲ್ಲಿ ಮನೆಮಂದಿಯೆಲ್ಲ ಗದ್ದೆಯಲ್ಲಿರುವ ವಾರ ಅದು.

ಮರುದಿನ ನಾನು ಕೇಳಿದೆ, "ಅಕ್ಕಾ, ನಾ ಹೋಗಿ ಬರ್ಲೇನು? ನನ್ನ ಗುರ್ತು ಅಲ್ಲಿ ಯಾರಿಗೂ ಇಲ್ಲ."

"ಹೋಗಪ್ಪಾ, ಹೋಗು. ಪ್ಯಾಂಟ್ ಹಾಕ್ಕೊಂಡ ಹುಡುಗ ಸೊಸಿ ಎಲ್ಲ್ಯದಾಳ ಅಂತ ಕೇಳ್ಕೊಂತ ಬಂದ್ರ, ಕುಷ್ಠಕ್ಕಿಂತ ದೊಡ್ಡ ಸುದ್ದಿ ಆಗ್ತೈತಿ."

ನಾನು ನಕ್ಕೆ. ಅವರು ನಗಲಿಲ್ಲ.

ಎರಡು ದಿನ ಬಿಟ್ಟು ಅವರೇ ದೇಶನೂರಿನ ಬಸ್ಸು ಹತ್ತಿದರು. ಅದನ್ನು ನನಗೆ ಹೇಳಿದ್ದು ಬಹಳ ತಡವಾಗಿ. ಊರ ಬಾಗಿಲಲ್ಲಿ ಇಳಿದು ಹತ್ತು ಹೆಜ್ಜೆ ಇಟ್ಟಿದ್ದರಂತೆ. ಚಹಾದಂಗಡಿಯ ಕಟ್ಟೆಯಿಂದ ಒಬ್ಬ ಕೂಗಿದ: "ಏನ್ರಿ ಕುಷ್ಠದಕ್ಕಾರ, ಈ ಸಲ ಯಾರ ಮನಿಗೆ?"

ಕಟ್ಟೆಯ ಮೇಲಿದ್ದವರೆಲ್ಲ ಇವರ ಕಡೆಗೇ ನೋಡಿದರು.

"ಯಾರ ಮನಿಗೂ ಇಲ್ಲಪ್ಪಾ. ಬಸ್ ತಪ್ಪಿ ಇಳದೀನಿ," ಎಂದು ಹೇಳಿ, ಮುಂದಿನ ಬಸ್ಸಿಗೆ ತಿರುಗಿ ಬಂದರು. ಮಾತ್ರೆ ಚೀಲದಲ್ಲೇ ಇತ್ತು.

ಅಂದು ರಾತ್ರಿ ತಮಗೆ ತಾವೇ ಹೇಳಿಕೊಂಡರಂತೆ: ಅರ್ಧ ಜನರಿಗೆ ಔಷಧವಿಲ್ಲದ ಮಾತ್ರೆ ಅಲ್ಲವೇ? ಸೌಂದರ್ಯಳದೂ ಅದೇ ಇರಬಹುದು. ಹಾಗಿದ್ದರೆ ನಿಂತರೂ ನಷ್ಟವಿಲ್ಲ. ಮೇಡಂ ಆ ಪಟ್ಟಿ ಕೇಳಿ ನಾಲ್ಕು ಸಲ ಬರೆದಿದ್ದರು. ಆ ಕಡೆಯ ಕಚೇರಿಯವರೂ ಕೆಲಸ ಕಳೆದುಕೊಂಡಿದ್ದರೋ ಏನೋ, ಉತ್ತರ ಬರಲಿಲ್ಲ. ವಿರೂಪಮ್ಮ ಮತ್ತೆರಡು ಗುರುವಾರ ಸರೋಜಾಳ ಅಂಗಡಿಯಲ್ಲಿ ಕಾದರು. ಅದರಲ್ಲಿ ಮೊದಲನೆಯ ಗುರುವಾರವೇ ಸರೋಜಾ, "ನಿಮ್ಮ ತಂಗಿಗೆ ಮೈಯಾಗ ಆರಾಮಿಲ್ಲಂತ್ರಿ," ಎಂದಳು. ಯಾರು ಹೇಳಿದರು ಎಂದರೆ ಅವಳಿಗೆ ನೆನಪಿರಲಿಲ್ಲ. ಆಗಲಾದರೂ ಹೋಗಬೇಕಿತ್ತು ಎಂದು ಅವರು ಇವತ್ತಿಗೂ ಹೇಳುತ್ತಾರೆ.

ಎರಡನೆಯ ಗುರುವಾರ ಕಳೆದು ಭಾನುವಾರ ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಸೌಂದರ್ಯಳನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ್ದರು. ವಾಂತಿ, ತಲೆಸುತ್ತು, ಗದ್ದೆಯ ಬದುವಿನ ಮೇಲೆ ಬಿದ್ದಿದ್ದಳಂತೆ. ಅವಳದು ನಿಜವಾದ ಮಾತ್ರೆಯೇ ಆಗಿತ್ತು ಎಂಬುದಕ್ಕೆ ಇನ್ನು ಪಟ್ಟಿ ಬೇಕಿರಲಿಲ್ಲ. ನಾವಿಬ್ಬರೂ ಹೋದಾಗ ಡ್ರಿಪ್ ಹಾಕಿದ್ದರು. ಎಡಗೈಯ ಎರಡು ಬೆರಳಲ್ಲ, ನಾಲ್ಕೂ ಬೆರಳು ಒಳಕ್ಕೆ ಮಡಚಿಕೊಂಡಿದ್ದವು.

ಮಂಚದ ಪಕ್ಕದಲ್ಲಿ ಅವಳ ಅತ್ತೆ ಸತ್ಯಮ್ಮ ಕುಳಿತಿದ್ದರು. ಸೊಸೆಯ ಆ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ವಿರೂಪಮ್ಮನನ್ನು ಕಂಡು ಎದ್ದು ನಿಲ್ಲಲಿಲ್ಲ.

"ನೀನಾ ಆ ಅಕ್ಕ? ಊರೆಲ್ಲಾ ಹೊಕ್ಕೊಂಡು ಬರಾಕಿ. ನಮ್ಮ ಮನಿ ಬಾಗಿಲು ನಿನಗ ಕಡೀತಿತ್ತೇನು?"

ವಿರೂಪಮ್ಮ ಮಂಚದ ಹತ್ತಿರ ಹೋಗಿ ನಿಂತರು.

"ನಮ್ಮನ್ನ ಏನಂತ ತಿಳದಿದ್ರಿ ನೀವಿಬ್ರೂ? ಗೊತ್ತಾದ್ರ ಕೊಂದು ತಿಂತಿದ್ವೇನು?"

"ಅತ್ತಿ, ಅಕ್ಕಂದು ತಪ್ಪಿಲ್ಲ," ಎಂದಳು ಸೌಂದರ್ಯ. "ನಾನ ಮಾತು ತಗೊಂಡಿದ್ದೆ." ಆಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದಳು: "ಆದ್ರೂ ಸಂಜಿಕ್ಕ ಕಟ್ಟಿ ಮ್ಯಾಲ ಕುಂತು ದಾರಿ ನೋಡ್ತಿದ್ದೆ ಅಕ್ಕ. ಮಾತು ಮುರದು ಬರ್ತೀ ಅಂತ."

ಗಂಡ ಹುಲಿಗೇಶ್ ವಾರ್ಡಿನ ಬಾಗಿಲಲ್ಲೇ ನಿಂತಿದ್ದ. ಕೊನೆಯವರೆಗೂ ಒಳಗೆ ಬರಲಿಲ್ಲ. ಅವನು ಹೆಂಡತಿಯನ್ನು ಬಿಟ್ಟು ಬೇರೆ ಮನೆ ಮಾಡಿ ಈಗ ಎಂಟು ತಿಂಗಳಾಯಿತು. ಹೆದರಿದ್ದರಲ್ಲಿ ಸೌಂದರ್ಯಳದು ಪೂರ್ತಿ ತಪ್ಪಾಗಿರಲಿಲ್ಲ. ಅತ್ತೆಯ ವಿಷಯದಲ್ಲಿ ಮಾತ್ರ ಅವಳೂ ವಿರೂಪಮ್ಮನೂ ಇಬ್ಬರೂ ತಪ್ಪು ತಿಳಿದಿದ್ದರು.

ಆಸ್ಪತ್ರೆಯಿಂದ ಹೊರಬಂದು ಬಸ್ ನಿಲ್ದಾಣದವರೆಗೆ ನಾವು ನಡೆದೇ ಹೋದೆವು. ಅಕ್ಕ ಒಂದೇ ಮಾತು ಆಡಿದರು. "ತಮ್ಮಾ, ಹತ್ತು ಹೆಜ್ಜಿ ಇಟ್ಟಿದ್ದೆ. ಇನ್ನ ಐವತ್ತು ಹೆಜ್ಜಿ ಇತ್ತು ಅವರ ಮನಿ." ಕುರುಗೋಡಿನ ಬಸ್ಸು ಬಂದಾಗ ಅವರಿಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು ಇಳಿದೆ.

ಅಧ್ಯಯನ ಮತ್ತೆ ಶುರುವಾಗಲಿಲ್ಲ. ಮಾತ್ರೆಗಳ ಅವಧಿ ಮುಗಿದ ಮೇಲೆ ಒಂದು ಲಾರಿ ಬಂದು ಪೆಟ್ಟಿಗೆಗಳನ್ನು ಸುಡಲು ಒಯ್ದಿತು. ಎಷ್ಟು ತಿಂಗಳು ಕೊಟ್ಟರೆ ಕೈ ಉಳಿಯುತ್ತದೆ ಎಂಬ ಪ್ರಶ್ನೆಗೆ ನಾಲ್ಕು ದೇಶಗಳಲ್ಲಿ ಎಲ್ಲಿಯೂ ಉತ್ತರ ಸಿಗಲಿಲ್ಲ. ಸೌಂದರ್ಯಳ ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ. ಇನ್ನಷ್ಟು ಮಡಚದಂತೆ ದಿನವೂ ನೀವಬೇಕು ಎಂದು ಮೇಡಂ ಹೇಳಿದ್ದಾರೆ.

ವಿರೂಪಮ್ಮ ಈಗ ಕುರುಗೋಡಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾರೆ. ವಾರದ ರಜೆಯ ದಿನ ದೇಶನೂರಿಗೆ ಹೋಗಿ, ಸತ್ಯಮ್ಮನ ಮನೆಯ ಪಡಸಾಲೆಯಲ್ಲಿ ಕುಳಿತು, ಸೌಂದರ್ಯಳ ಕೈಯನ್ನು ನೀರಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬೆರಳು ನೀವಿ ಬರುತ್ತಾರೆ.